ವಿಹಾರಾಧ್ಯಕ್ಷರು

ಪರದೇಶದಲ್ಲಿ ನೆಲಸಿದ ಕನ್ನಡಿಗರ ಸಂಸಾರಗಳು ನಾಲ್ಕು ಒಂದೆಡೆ ಸೇರಿದವೆಂದರೆ, ಅವುಗಳ ಪೈಕಿ ಒಂದರ ಯಜಮಾನರು, ಯಾರೂ ಆರಿಸದೆ, ಯಾರೂ ಆಕ್ಷೇಪಿಸದೆ, ಸಮುದ್ರತೀರದ ವಿಹಾರಗಳಿಗೆಲ್ಲ ಶಾಶ್ವತ ಅಧ್ಯಕ್ಷರಾಗಿಬಿಡುವುದು ಪ್ರಕೃತಿಯ ನಿಯಮಗಳಲ್ಲೊಂದೆಂದೇ ನನಗೆ ತೋರುತ್ತದೆ. ಮಸ್ಕತ್ತಿನಲ್ಲಿಯೂ ದಾರ್ ಎಸ್ ಸಲಾಮಿನಲ್ಲಿಯೂ ಇಂಥವರು ಇದ್ದೇ ಇರಬೇಕು. ನಾನು ಹತ್ತಿರದಿಂದ ಬಲ್ಲದ್ದು ಸಿಂಗಪುರದ ಮಾದರಿಯನ್ನು. ಭೂಮಧ್ಯರೇಖೆಗೆ ನೂರೈವತ್ತು ಕಿಲೋಮೀಟರೂ ದೂರವಿಲ್ಲದ ಆ ದ್ವೀಪದಲ್ಲಿ ಚೈತ್ರಕ್ಕೂ ಪುಷ್ಯಕ್ಕೂ ಸೆಕೆಯಲ್ಲಿ ಹೇಳಿಕೊಳ್ಳುವಂಥ ಭೇದವಿಲ್ಲವಾದ್ದರಿಂದ, ಯಾವ ಭಾನುವಾರ ಬೇಕಾದರೂ ಕಡಲ ದಂಡೆಗೆ ಹೋಗಬಹುದು; ಹೋಗಬಹುದೆಂದ ಮೇಲೆ ಹೋಗಲೇಬೇಕು; ಹೀಗಾಗಿ ಅಲ್ಲಿಯ ಅಧ್ಯಕ್ಷರಿಗೆ ಚಳಿಗಾಲದ ರಜೆಯೆಂಬುದು ಸಹ ಇಲ್ಲ.

ಅಧ್ಯಕ್ಷರ ಪ್ರಥಮ ಲಕ್ಷಣವೆಂದರೆ ಅವರು ಕಡಲಿನ ನಾಡಿನವರಾಗಿರದಿರುವುದು. ತಿಪಟೂರು, ಅರಸೀಕೆರೆ, ಹಿರಿಯೂರು, ಬಹಳವಾದರೆ ಮಂಡ್ಯ. ಜಲವೆಂದರೆ ಕೆರೆ, ಬಾವಿ, ನಾಲೆ, ಬೇಸಗೆಯಲ್ಲಿ ಟ್ಯಾಂಕರು ಎಂದು ತಿಳಿದು ಬೆಳೆದವರು. ಅವರು ಸಮುದ್ರವನ್ನು ಜೀವಮಾನದಲ್ಲಿ ಮೊದಲು ಕಂಡದ್ದು ವಿಮಾನವು ಚಾಂಗಿಯಲ್ಲಿ ಇಳಿಯಲು ಬಾಗಿದಾಗ, ಕಿಟಕಿಯ ಪಕ್ಕದ ಆಸನ ದೊರೆತಿದ್ದ ಪುಣ್ಯದಿಂದ. ಆದರೂ ಅವರು ಮಕ್ಕಳ ಮುಂದೆ ಕರ್ನಾಟಕದ ಮುನ್ನೂರು ಕಿಲೋಮೀಟರಿನ ಕರಾವಳಿಯನ್ನು ವರ್ಣಿಸತೊಡಗಿದರೆಂದರೆ, ಮರವಂತೆಯಲ್ಲಿ ರಸ್ತೆಯ ಒಂದು ಮಗ್ಗುಲಿಗೆ ಸೌಪರ್ಣಿಕಾ ನದಿಯೂ ಮತ್ತೊಂದು ಮಗ್ಗುಲಿಗೆ ಅರಬ್ಬೀ ಸಮುದ್ರವೂ ಇರುವುದನ್ನು ಎರಡು ಕೈಗಳನ್ನೂ ಚಾಚಿ ಅಭಿನಯಿಸಿ ತೋರಿಸಿದರೆಂದರೆ, ಅವರು ಅಲ್ಲಿಯೇ ಮೀನುಗಾರರ ನಡುವೆ ಹುಟ್ಟಿ ಬೆಳೆದವರೆಂದು ಭ್ರಮಿಸದಿರುವುದು ಕಷ್ಟ. ಮರವಂತೆಯನ್ನು ಅವರು ನೋಡಿದ್ದು ಒಂದು ಸಹಕಾರಿ ಬ್ಯಾಂಕಿನ ಕ್ಯಾಲೆಂಡರಿನಲ್ಲಿ. ಇದನ್ನು ಅವರ ಶ್ರೀಮತಿಯವರೇ ನಮಗೆ ಹೇಳಿದ್ದು. ಅದೂ ಅಧ್ಯಕ್ಷರ ಸಮಕ್ಷಮದಲ್ಲಿ.

ವಿಹಾರವು ಭಾನುವಾರವಾದರೆ ಬುಧವಾರವೇ ವಾಟ್ಸಾಪಿನಲ್ಲಿ ಪ್ರಕಟಣೆ ಹೊರಡುತ್ತದೆ. ಯಾವ ಮನೆಯಿಂದ ಚಿತ್ರಾನ್ನ, ಯಾವ ಮನೆಯಿಂದ ಮೊಸರನ್ನ, ಚುರುಮುರಿಗೆ ಈರುಳ್ಳಿ ಹೆಚ್ಚಿ ತರುವವರು ಯಾರು, ಮಂಡಕ್ಕಿ ಮೆತ್ತಗಾಗದಂತೆ ಡಬ್ಬಿಯ ಮುಚ್ಚಳ ಬಿಗಿಯಾಗಿದೆಯೆಂಬುದಕ್ಕೆ ಜವಾಬ್ದಾರರು ಯಾರು, ಎಂಬೆಲ್ಲ ವಿವರಗಳೂ ಅದರಲ್ಲಿ ಅಡಕವಾಗಿರುತ್ತವೆ. ಹೊರಡುವ ವೇಳೆಯನ್ನು ನಿಶ್ಚಯಿಸುವುದರಲ್ಲಿ ಮಾತ್ರ ಅವರು ಯಾರ ಸಲಹೆಯನ್ನೂ ಕೇಳುವುದಿಲ್ಲ; ಅದು ಶಾಸ್ತ್ರಕ್ಕೆ ಸೇರಿದ್ದು. ನಮ್ಮ ಊರಿನ ಪಂಚಾಂಗದಲ್ಲಿ ಭಾನುವಾರದ ರಾಹುಕಾಲ ಸಂಜೆ ನಾಲ್ಕೂವರೆಯಿಂದ ಆರರವರೆಗೆ. ಆದರೆ ಸಿಂಗಪುರದವರು 1982ರ ಹೊಸ ವರ್ಷದ ದಿನ ತಮ್ಮ ಗಡಿಯಾರಗಳನ್ನು ಅರ್ಧ ಗಂಟೆ ಮುಂದಕ್ಕೆ ತಿರುಗಿಸಿಕೊಂಡುಬಿಟ್ಟ ಕಾರಣ ಅಲ್ಲಿ ಸೂರ್ಯನು ಬೆಳಗಿನ ಏಳರ ಸುಮಾರಿಗೆ ಉದಯಿಸಿ ಸಂಜೆಯ ಏಳರ ಸುಮಾರಿಗೆ ಅಸ್ತಮಿಸುತ್ತಾನೆ. ಭೂಮಧ್ಯರೇಖೆಯ ನೆರೆಯಾದ್ದರಿಂದ ವರ್ಷವಿಡೀ ಇದರಲ್ಲಿ ಹೆಚ್ಚಿನ ವ್ಯತ್ಯಾಸವೂ ಇಲ್ಲ. ಅಂದಮೇಲೆ ಹಗಲಿನ ಎಂಟನೆಯ ಭಾಗವಾದ ಆ ದಿನದ ರಾಹುಕಾಲವು ಐದೂವರೆಗೆ ಆರಂಭವಾಗಿ ಏಳಕ್ಕೆ ಮುಗಿಯುತ್ತದೆ. ಅಂದರೆ, ಬಿಸಿಲು ಇಳಿದು ಗಾಳಿ ತಿರುಗಿ ಮನುಷ್ಯಮಾತ್ರನು ದಂಡೆಯ ಮೇಲೆ ಕುಳಿತುಕೊಳ್ಳಬಹುದಾದ ಏಕೈಕ ಅವಧಿಯನ್ನು ರಾಹುವು ಪೂರ್ತಿಯಾಗಿ ನುಂಗಿಹಾಕುತ್ತಾನೆ. ಸಾಮಾನ್ಯರಾಗಿದ್ದರೆ ಇಲ್ಲಿಗೆ ಶಾಸ್ತ್ರವನ್ನೋ ಸಮುದ್ರವನ್ನೋ ಬಿಡುತ್ತಿದ್ದರು. ಅಧ್ಯಕ್ಷರು ಎರಡನ್ನೂ ಉಳಿಸಿಕೊಂಡರು. ‘ರಾಹುಕಾಲ ಹೊರಡೋದಕ್ಕೆ ರೀ, ಕೂತಿರೋದಕ್ಕಲ್ಲ’ ಎಂಬುದು ಅವರ ತೀರ್ಮಾನ. ಅದರಂತೆ ಎಲ್ಲರೂ ಮೂರೂವರೆಯ ಉರಿಬಿಸಿಲಿನಲ್ಲಿ ಮನೆ ಬಿಡುವುದು, ರಾಹುವು ಬರುವ ಮೊದಲೇ ದಂಡೆ ಸೇರಿ ಬೆವರುತ್ತ ಅವನನ್ನು ಎದುರುಗೊಳ್ಳುವುದು.

ಅವರಿಗೆ ಕಾರಿಲ್ಲ. ಆ ಊರಿನಲ್ಲಿ ಕಾರು ಕೊಳ್ಳುವ ಮೊದಲು ಅದನ್ನು ಹತ್ತು ವರ್ಷ ಓಡಿಸುವ ಹಕ್ಕನ್ನು ಹರಾಜಿನಲ್ಲಿ ಕೊಳ್ಳಬೇಕು; ಆ ಹಕ್ಕಿನ ಬೆಲೆ ಕಾರಿನ ಬೆಲೆಯನ್ನೇ ಮೀರುವುದುಂಟು. ಆದುದರಿಂದ ಎರಡು ಗಾಲಿಯ ಮಡಿಸುವ ತಳ್ಳುಗಾಡಿಯೊಂದು ಅವರ ರಥ. ಅದರ ತಳದಲ್ಲಿ ನೀರಿನ ಬಾಟಲಿಗಳು, ಅದರ ಮೇಲೆ ಸ್ಟೀಲಿನ ಡಬ್ಬಿಗಳು, ಅದರ ಮೇಲೆ ಟವೆಲುಗಳು, ಬದಿಯಲ್ಲಿ ಸುರುಳಿ ಸುತ್ತಿದ ಪ್ಲಾಸ್ಟಿಕ್ ಚಾಪೆ, ನೆತ್ತಿಯ ಮೇಲೆ ಹಗ್ಗದಿಂದ ಬಿಗಿದ ಇಡ್ಲಿ ಪಾತ್ರೆ. ಇಡ್ಲಿ ಪಾತ್ರೆಯಲ್ಲಿ ಇಡ್ಲಿ ಇರುವುದಿಲ್ಲ, ಮಕ್ಕಳ ಒಣಬಟ್ಟೆಗಳಿರುತ್ತವೆ, ಮುಚ್ಚಳ ಭದ್ರವೆಂಬ ಒಂದೇ ಕಾರಣಕ್ಕೆ ಅದಕ್ಕೆ ಈ ಬಡ್ತಿ. 2024ರ ಜೂನಿನಲ್ಲಿ ದಂಡೆಯ ಬಳಿಯ ಮರೀನ್ ಪರೇಡಿಗೆ ಪಾತಾಳರೈಲು ಬಂದದ್ದು ಅಧ್ಯಕ್ಷರ ಆಡಳಿತಾವಧಿಯಲ್ಲಿಯೇ ಒಂದು ಮಹತ್ತರ ಘಟನೆ. ಆದರೆ ರೈಲಿನಲ್ಲಿ ತಿನ್ನುವುದು ಅಪರಾಧ, 500 ಡಾಲರಿನವರೆಗೆ ದಂಡ. ಚಕ್ಕುಲಿಯ ಪರಿಮಳ ಡಬ್ಬಿಯಿಂದ ಸೋರಿ ಇಡೀ ಬೋಗಿಯನ್ನು ವ್ಯಾಪಿಸುತ್ತಿರುವಾಗ, ಅಧ್ಯಕ್ಷರು ಕಿರಿಯ ಮಗನ ಉಬ್ಬಿದ ಕೆನ್ನೆಯನ್ನು ನೋಡಿ ‘ಬಾಯಲ್ಲೇನೋ? ನುಂಗೋ! ಅಗೀಬೇಡ, ಹಾಗೇ ನುಂಗು!’ ಎಂದು ಪಿಸುಗುಟ್ಟುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ದ್ವೀಪದ ದಂಡಗಳ ಪಟ್ಟಿ ಅವರಿಗೆ ವಿಷ್ಣುಸಹಸ್ರನಾಮಕ್ಕಿಂತ ಚೆನ್ನಾಗಿ ಬಾಯಿಪಾಠವಾಗಿದೆ.

ಈಸ್ಟ್ ಕೋಸ್ಟ್ ಪಾರ್ಕೆಂಬ ಆ ದಂಡೆಯು ಹದಿನೈದು ಕಿಲೋಮೀಟರಿನಷ್ಟು ನೀಳವಾಗಿದ್ದು, ಅದರಲ್ಲಿ ಒಂದು ಹಿಡಿ ಮಣ್ಣಾದರೂ ಹಿಂದೆ ಅಲ್ಲಿದ್ದುದಲ್ಲ. 1966ರಲ್ಲಿ ಸರ್ಕಾರದವರು ಬೆಡೋಕ್ ಮತ್ತು ಟ್ಯಾಂಪಿನೀಸಿನ ಗುಡ್ಡಗಳನ್ನು ಕಡಿದು ಆ ಮಣ್ಣನ್ನು ಸಮುದ್ರಕ್ಕೆ ಸುರಿಯಲಾರಂಭಿಸಿ, ಹತ್ತೊಂಬತ್ತು ವರ್ಷಗಳ ಕಾಲ ಸುರಿಯುತ್ತ ಹೋಗಿ, ಹೊಸ ನೆಲ, ಹೊಸ ಹೆದ್ದಾರಿ, ಹೊಸ ತೀರ ಎಲ್ಲವನ್ನೂ ನಿರ್ಮಿಸಿದರು. ಆಮೇಲೆ ಗಾಳಿಮರಗಳನ್ನೂ ತೆಂಗನ್ನೂ ನೆಟ್ಟು, ಅನಾದಿಕಾಲದಿಂದಲೂ ಇದ್ದಿತೋ ಎಂಬಂತೆ ಬಿಟ್ಟರು. ಅಧ್ಯಕ್ಷರು ಹೊಸಬರಿಗೆ ಈ ಇತಿಹಾಸವನ್ನು ಹೇಳುವಾಗ ಪ್ರತಿ ಸಲವೂ ಗುಡ್ಡಗಳನ್ನು ತಾವೇ ಕಡಿದಷ್ಟು ದಣಿಯುತ್ತಾರೆ. ಅವರಿಗಿರುವ ದುಃಖವೆಂದರೆ ಒಂದೇ, ತೆಂಗಿನ ಮರಗಳದು. ವಿಹಾರಿಗಳ ತಲೆಯ ಮೇಲೆ ಬಿದ್ದೀತೆಂದು ಅಲ್ಲಿ ಎಳಗಾಯಿಗಳನ್ನೇ ಕಿತ್ತುಹಾಕುವುದುಂಟು. ತಿಪಟೂರಿನ ತೋಟದ ಮಗ ಬೋಳಾದ ಆ ಗೊನೆಗಳ ಕಡೆಗೆ ಕತ್ತೆತ್ತಿ ನೋಡಿ, ಕೈಯಲ್ಲಿದ್ದ ಚಾಪೆಯನ್ನು ಮರೆತು, ‘ಸಾಲಿಗೆ ಎಷ್ಟಿಲ್ಲ ಅಂದ್ರೂ ಇಷ್ಟು ಸಾವಿರ ಕಾಯಿ’ ಎಂದು ಲೆಕ್ಕ ಹಾಕಿ, ಕೊಬ್ಬರಿಯ ಇಂದಿನ ದರದಿಂದ ಗುಣಿಸಿ, ನಿಟ್ಟುಸಿರಿಡುವ ಆ ಒಂದು ಕ್ಷಣದಲ್ಲಿ ಅವರ ಬಗ್ಗೆ ನನಗೆ ನಿಜವಾದ ಪ್ರೀತಿ ಹುಟ್ಟುತ್ತದೆ.

ಚಾಪೆ ಹಾಸುವ ಸ್ಥಳವನ್ನು ಆರಿಸುವುದು ಅಧ್ಯಕ್ಷರ ಪರಮಾಧಿಕಾರ. ಗಾಳಿಯ ದಿಕ್ಕು, ನೆರಳು ಸಾಗುವ ದಾರಿ, ಶೌಚಾಲಯಕ್ಕಿರುವ ದೂರ, ನೆರೆಯವರ ಕೆಂಡದೊಲೆಯಿಂದ ಹೊಗೆ ಬರುವ ಸಂಭವ, ಇವೆಲ್ಲವನ್ನೂ ತೂಗಿ ನೋಡಿ ಅವರು ಜಾಗ ಹಿಡಿಯುವಷ್ಟರಲ್ಲಿ ಹೊತ್ತುಕೊಂಡವರ ಹೆಗಲುಗಳು ನೋಯತೊಡಗಿರುತ್ತವೆ. ಒಂದು ಹುಣ್ಣಿಮೆಯ ಸಂಜೆ ಅವರು ನೀರಿಗೆ ತೀರ ಹತ್ತಿರದಲ್ಲಿ, ತೇವಗೊಂಡು ಗಟ್ಟಿಯಾಗಿ ಸಮತಟ್ಟಾಗಿದ್ದ ಮರಳನ್ನು ಮೆಚ್ಚಿದರು. ನಮ್ಮ ಕೂಟದಲ್ಲಿ ಮಲ್ಪೆಯ ಕಡೆಯವರೊಬ್ಬರುಂಟು. ಸಂಜೆಯೆಲ್ಲ ಸೇರಿ ಹತ್ತು ಮಾತಾಡಿದರೆ ಹೆಚ್ಚು. ಅವರು ಮರಳನ್ನೊಮ್ಮೆ, ಆಕಾಶವನ್ನೊಮ್ಮೆ ನೋಡಿ, ‘ನೀರು ಏರ್ತಾ ಉಂಟು ಮಾರಾಯ್ರೆ’ ಎಂದರು. ಅಧ್ಯಕ್ಷರು ಮೊಬೈಲನ್ನು ತೆರೆದು, ಮುಂದಿನ ಎರಡು ಗಂಟೆಗಳ ಹವಾಮಾನದಲ್ಲಿ ಮಳೆಯ ಸೂಚನೆಯೇ ಇಲ್ಲವೆಂಬುದನ್ನು ತೋರಿಸಿದರು. ಮಲ್ಪೆಯವರು ಮತ್ತೆ ಮಾತಾಡಲಿಲ್ಲ; ತಮ್ಮ ಚಪ್ಪಲಿಗಳನ್ನು ಮಾತ್ರ ತೆಗೆದುಕೊಂಡು ಹೋಗಿ ಮೇಲಿನ ಹುಲ್ಲಿನ ಮೇಲಿರಿಸಿ ಬಂದರು. ದಂಡೆಯೆದುರಿನ ಜಲಸಂಧಿಯಲ್ಲಿ ಅಲೆಗಳ ಆರ್ಭಟವಿಲ್ಲವೆಂಬುದು ನಿಜ. ಸುತ್ತಲೂ ದ್ವೀಪಗಳು ತಡೆದಿರುವುದರಿಂದ ನೀರು ಸದ್ದಿಲ್ಲದೆ ಬರುತ್ತದೆ, ಸದ್ದಿಲ್ಲದೆ ಹೋಗುತ್ತದೆ. ಆದರೆ ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ಅದು ಏರಿಳಿಯುವ ಅಂತರ ಒಂದಾಳಿನ ಎತ್ತರವನ್ನು ಮೀರಿರುತ್ತದೆ. ಚಿತ್ರಾನ್ನದ ಎರಡನೆಯ ಬಾರಿಯ ಬಡಿಸಾಟ ನಡೆಯುತ್ತಿದ್ದಾಗ ಚಾಪೆಯ ಒಂದು ಅಂಚು ಮೆಲ್ಲನೆ ತೇಲಿತು. ‘ಯಾವುದೋ ದೊಡ್ಡ ಹಡಗು ಹೋಗಿರಬೇಕು’ ಎಂದರು ಅಧ್ಯಕ್ಷರು, ಡಬ್ಬಿಯನ್ನು ತಲೆಯ ಮೇಲಿಟ್ಟುಕೊಂಡು ಎದ್ದುನಿಂತು.

ಹಡಗುಗಳ ವಿಷಯದಲ್ಲಿ ಅವರ ಜ್ಞಾನ ಅಪಾರವಾದುದು. ಕ್ಷಿತಿಜದ ಈ ತುದಿಯಿಂದ ಆ ತುದಿಯವರೆಗೆ ಲಂಗರು ಹಾಕಿ ನಿಂತಿರುವ ನೌಕೆಗಳೆಲ್ಲ ಎಣ್ಣೆ ಹಾಕಿಸಿಕೊಳ್ಳಲು ಸರದಿ ಕಾಯುತ್ತಿವೆಯೆಂದು ಅವರು ಮಕ್ಕಳಿಗೆ ಹೇಳುತ್ತಾರೆ. ಇದರಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಹಡಗುಗಳಿಗೆ ಇಂಧನ ತುಂಬುವ ಬಂದರುಗಳಲ್ಲಿ ಸಿಂಗಪುರವೇ ಲೋಕಕ್ಕೆಲ್ಲ ಮೊದಲನೆಯದು. ಆದರೆ ಅಧ್ಯಕ್ಷರು ಹಡಗುಗಳನ್ನು ತೋರಿಸುವುದು ಬೆನ್ನ ಹಿಂದಕ್ಕೆ ಹೆಬ್ಬೆರಳು ತಿರುಗಿಸಿ. ಏಕೆಂದರೆ ಅವರು ಕುಳಿತುಕೊಳ್ಳುವುದೇ ಸಮುದ್ರಕ್ಕೆ ಬೆನ್ನು ಮಾಡಿ, ಸಾಮಾನಿಗೆ ಮುಖ ಮಾಡಿ.

ಹೀಗೇಕೆಂದು ನಾನು ಯೋಚಿಸಿದ್ದುಂಟು. ಕಳ್ಳತನದ ಭಯ ಆ ಊರಿನಲ್ಲಿ ಅಷ್ಟಿಲ್ಲ; ಊಟದಂಗಡಿಯಲ್ಲಿ ಮೇಜು ಹಿಡಿಯುವುದಕ್ಕೆ ಜನ ಕಾಗದದ ಕರವಸ್ತ್ರದ ಪೊಟ್ಟಣವೊಂದನ್ನಿಟ್ಟು ನಿಶ್ಚಿಂತೆಯಿಂದ ಹೋಗುವ ಊರದು. ನಿಜವಾದ ಸಂಗತಿ ಬೇರೆ. ಕಚೇರಿಯಲ್ಲಿ ಅವರ ಮೇಲೆ ಮೂರು ಅಂತಸ್ತಿನ ಅಧಿಕಾರಿಗಳಿದ್ದಾರೆ. ಮನೆಯಲ್ಲಿ ಅವರಿಗಿಂತ ಹೆಚ್ಚಿಗೆ ಸಂಪಾದಿಸುವ ಶ್ರೀಮತಿಯವರು ಬ್ಯಾಂಕಿನ ವ್ಯವಹಾರಗಳೆಲ್ಲವನ್ನೂ ನೋಡಿಕೊಳ್ಳುತ್ತಾರೆ. ಊರಿನ ತೋಟ ತಮ್ಮನ ಕೈಯಲ್ಲಿದೆ. ಮಕ್ಕಳು ಆ ಊರಿನವರಂತೆ ಎಲ್ಲ ಮಾತಿನ ಕೊನೆಯಲ್ಲೊಂದು ‘ಲಾ’ ಸೇರಿಸಿ ಅವರಿಗೇ ಬುದ್ಧಿ ಹೇಳುತ್ತಾರೆ. ಇನ್ನುಳಿದ ನೀರು, ನೆರಳು, ಕಸ, ಬಸ್ಸು, ಶಾಲೆಗಳನ್ನೆಲ್ಲ ಸರ್ಕಾರವೇ ವ್ಯವಸ್ಥೆಗೊಳಿಸಿಟ್ಟಿದೆ. ಮೂರು ತಲೆಮಾರಿನ ಯಜಮಾನಿಕೆಯ ರಕ್ತ ಹರಿಯುತ್ತಿರುವ ಮನುಷ್ಯನೊಬ್ಬ ಇಂಥ ಊರಿನಲ್ಲಿ ಆಳುವುದೇನನ್ನು? ಉಳಿದಿರುವುದು ಆ ಚಾಪೆಯೊಂದೇ. ಅದರ ಮೇಲೆ ಯಾರು ಮರಳುಗಾಲಿನಿಂದ ಬರಬಾರದು, ಯಾವ ಡಬ್ಬಿ ಮೊದಲು ತೆರೆಯಬೇಕು, ಒದ್ದೆ ಟವೆಲಿಗೂ ಒಣ ಟವೆಲಿಗೂ ನಡುವೆ ಎಷ್ಟು ಅಂತರವಿರಬೇಕು, ಎಂಬುದನ್ನು ವಿಧಿಸುವಾಗ ಅವರ ಕಂಠದಲ್ಲಿ ಬರುವ ಗಾಂಭೀರ್ಯವು ಮದುವೆಮನೆಯ ಉಗ್ರಾಣದ ಬಾಗಿಲಲ್ಲಿ ಬೀಗದಕೈ ಹಿಡಿದು ಕುಳಿತ ಹಿರಿಯರದು. ಸಮುದ್ರವು ಅವರ ಆಡಳಿತಕ್ಕೆ ಒಳಪಡುವಂಥದ್ದಲ್ಲವಾದ್ದರಿಂದ ಅದರ ಕಡೆಗೆ ಅವರು ನೋಡುವುದಿಲ್ಲ.

ಒಂದು ಸಲ, ಹಬ್ಬದ ಉತ್ಸಾಹದಲ್ಲಿ, ಉದ್ಯಾನದವರಿಂದ ಪರವಾನಗಿ ಪಡೆದು ಕೆಂಡದ ಗುಂಡಿಯೊಂದನ್ನು ಬಾಡಿಗೆಗೆ ಹಿಡಿದರು. ಬಲಗಡೆಯ ಗುಂಡಿಯಲ್ಲಿ ಮಲಯ ಕುಟುಂಬವೊಂದು ಕೋಳಿಯ ಸಾತೆಯನ್ನು ಸುಡುತ್ತಿದ್ದರೆ, ಎಡಗಡೆಯದರಲ್ಲಿ ಚೀನೀ ತರುಣರು ತೊರಕೆ ಮೀನನ್ನು ಬಾಳೆಲೆಯ ಮೇಲೆ ಹರಡಿದ್ದರು. ನಡುವೆ ನಮ್ಮವರು, ಅಪ್ಪಟ ಸಸ್ಯಾಹಾರಿಗಳು, ಮೂಗಿಗೆ ಟವೆಲು ಕಟ್ಟಿಕೊಂಡು, ಮುಸುಕಿನ ಜೋಳವನ್ನೂ ಎರಡು ಬದನೆಕಾಯಿಗಳನ್ನೂ ಸುಡಲು ನಿಂತರು. ಇದ್ದಲು ಹತ್ತಲೊಲ್ಲದು. ಅಧ್ಯಕ್ಷರು ಊದಿದರು, ಮೊರವಿಲ್ಲದ್ದರಿಂದ ಡಬ್ಬಿಯ ಮುಚ್ಚಳದಿಂದ ಬೀಸಿದರು, ಹಿರಿಯೂರಿನ ತಮ್ಮ ಅಜ್ಜಿ ಒದ್ದೆ ಸೌದೆಯಲ್ಲಿ ಒಬ್ಬಟ್ಟು ಮಾಡುತ್ತಿದ್ದುದನ್ನು ಸ್ಮರಿಸಿದರು. ಕೊನೆಗೆ ಪಕ್ಕದ ಮಲಯ ಅಜ್ಜ ಏನೂ ಹೇಳದೆ ತನ್ನ ಗುಂಡಿಯಿಂದ ನಾಲ್ಕು ಕೆಂಡಗಳನ್ನು ಇಕ್ಕುಳದಲ್ಲಿ ತಂದು ಹಾಕಿಹೋದ. ಕೋಳಿಯ ಕೊಬ್ಬು ತೊಟ್ಟಿಕ್ಕಿದ ಆ ಕೆಂಡಗಳ ಮೇಲೆ ಜೋಳ ಸುಡಬಹುದೇ ಕೂಡದೇ ಎಂಬ ಪ್ರಶ್ನೆ ಹುಟ್ಟಿತು. ‘ಅಗ್ನಿಗೆ ಮೈಲಿಗೆಯಿಲ್ಲ’ ಎಂದು ಅಧ್ಯಕ್ಷರ ತಾಯಿಯವರು ಚಾಪೆಯ ಮೇಲಿನಿಂದಲೇ ತೀರ್ಪು ಕೊಟ್ಟರು. ಆ ತೆನೆಗಳಿಗೆ ಉಪ್ಪು, ಖಾರ, ನಿಂಬೆಹಣ್ಣು ಸವರಿ ತಿಂದಾಗಿನ ರುಚಿ ಈಗಲೂ ನನ್ನ ನಾಲಗೆಯ ಮೇಲಿದೆ. ಅದಕ್ಕೆ ಕಾರಣವೇನೆಂಬುದನ್ನು ನಾನು ಹೆಚ್ಚು ವಿಚಾರಿಸಲು ಹೋಗಿಲ್ಲ. ಬದನೆಕಾಯಿಗಳು ಇದ್ದಲಾದುವು.

ಆ ತಾಯಿಯವರ ಮಾತು ಬಂದದ್ದರಿಂದ ಹೇಳುತ್ತೇನೆ. ಊರಿನಿಂದ ಮಗನ ಮನೆಗೆ ಬಂದ ಆಕೆಗೆ ಸಮುದ್ರವೆಂದರೆ ವಿಹಾರದ ಸ್ಥಳವಲ್ಲ, ತೀರ್ಥ. ಪರ್ವದಿನವಲ್ಲದೆ ಸಮುದ್ರವನ್ನು ಮುಟ್ಟಬಾರದೆಂಬ ಶಾಸ್ತ್ರವನ್ನು ಬಲ್ಲವರಾದ್ದರಿಂದ ಅವರು ಮೊದಲು ತಿಥಿಯನ್ನು ವಿಚಾರಿಸಿಕೊಂಡು, ಹುಣ್ಣಿಮೆಯೆಂದು ಖಚಿತವಾದ ಮೇಲೆ, ಸೆರಗು ಬಿಗಿದು, ಮಗನ ಕೈಹಿಡಿದು ಕಣಕಾಲಿನವರೆಗೆ ಇಳಿದರು. ‘ಇದು ಪೂರ್ವಸಮುದ್ರವೋ, ಪಶ್ಚಿಮವೋ?’ ಎಂದರು. ಅಧ್ಯಕ್ಷರು ತಡವರಿಸಿದರು; ಪಶ್ಚಿಮಕ್ಕೆ ಹೋದರೆ ಮಲಕ್ಕಾ ಜಲಸಂಧಿಯ ಮೂಲಕ ನಮ್ಮ ಸಮುದ್ರ, ಪೂರ್ವಕ್ಕೆ ಹೋದರೆ ಚೀನದ್ದು; ನಡುವೆ ನಿಂತವರು ಸಂಕಲ್ಪದಲ್ಲಿ ಏನೆಂದು ಹೇಳಬೇಕು? ‘ಎರಡೂ ಸೇರೋ ಜಾಗ ಅಮ್ಮ’ ಎಂದರು. ‘ಹಾಗಾದ್ರೆ ಸಂಗಮ!’ ಎಂದು ಆಕೆ ಪರಮಾನಂದದಿಂದ ಮೂರು ಬೊಗಸೆ ನೀರನ್ನು ತಲೆಯ ಮೇಲೆ ಹಾಕಿಕೊಂಡು, ಸೊಂಟದ ಗಂಟಿನಿಂದ ಅರಿಸಿನ ಕುಂಕುಮವನ್ನೂ ಒಂದು ಮೊಳ ಮಲ್ಲಿಗೆಯನ್ನೂ ತೆಗೆದರು. ಕುಂಕುಮ ನೀರಿಗೆ ಸೇರಿತು. ಹೂವು ಮಾತ್ರ ಸೇರುವ ಮೊದಲೇ ಮಗ ಹಾರಿ ಹಿಡಿದುಬಿಟ್ಟರು: ಕಸ ಹಾಕಿದ ಅಪರಾಧ! ಗಂಗಮ್ಮನಿಗೆ ತೋರಿಸಿದ ಆ ಮಲ್ಲಿಗೆಯನ್ನು ಮರಳಿ ತಂದು ಮೊಸರನ್ನದ ಡಬ್ಬಿಯ ಪಕ್ಕದಲ್ಲಿ ಜೋಪಾನವಾಗಿಟ್ಟರು. ಅದೇ ಹೊತ್ತಿಗೆ, ಹಳದಿ ಕೊಕ್ಕಿನ ಮೈನಾ ಹಕ್ಕಿಯೊಂದು ಚಾಪೆಯ ಮೇಲೆ ನಡೆದುಬಂದು ಕೋಡುಬಳೆಯೊಂದನ್ನು ಕಚ್ಚಿಕೊಂಡು ಹೊರಟಿತು. ಅಲ್ಲಿ ಕಾಡುಪ್ರಾಣಿ ಪಕ್ಷಿಗಳಿಗೆ ಆಹಾರ ನೀಡುವುದೂ ಶಿಕ್ಷಾರ್ಹವೇ. ಅಧ್ಯಕ್ಷರು ಒದ್ದೆ ಪಂಚೆಯಲ್ಲಿ ಅದನ್ನು ಗಾಳಿಮರದವರೆಗೂ ಅಟ್ಟಿಸಿಕೊಂಡು ಹೋಗಿ, ಎದುರಿಗೆ ಸೈಕಲ್ಲಿನಲ್ಲಿ ಬರುತ್ತಿದ್ದ ಅಪರಿಚಿತರೊಬ್ಬರಿಗೆ, ಅವರು ಕೇಳದಿದ್ದರೂ, ‘ಅದೇ ತಗೊಂಡದ್ದು, ನಾವು ಕೊಟ್ಟದ್ದಲ್ಲ’ ಎಂದು ಇಂಗ್ಲಿಷಿನಲ್ಲಿ ಹೇಳಿಕೆ ಕೊಟ್ಟು ಬಂದರು.

ಅವರ ಮಗಳು ಈಜುತ್ತಾಳೆ, ಶಾಲೆಯ ಈಜುಪರೀಕ್ಷೆಯ ಪದಕವೂ ಉಂಟು. ಅವಳು ಮೊಣಕಾಲುದ್ದದ ನೀರಿನಲ್ಲಿರುವಾಗಲೇ ಅಧ್ಯಕ್ಷರು ದಂಡೆಯಿಂದ ‘ಡೀಪಿಗೆ ಹೋಗಬೇಡ್ವೇ!’ ಎಂದು ಕೂಗುತ್ತಾರೆ. ಅವರಿಗೆ ಈಜು ಬಾರದೆಂಬುದು ಆ ದಂಡೆಯ ಅರ್ಧ ಮೈಲಿಯಲ್ಲಿ ಎಲ್ಲರಿಗೂ ತಿಳಿದುಹೋಗಿದೆ. ಶ್ರೀಮತಿಯವರಾದರೋ, ಬಂದೊಡನೆ ಚಪ್ಪಲಿ ಕಳಚಿ, ‘ಇಲ್ಲೇ ಬಂದೆ’ ಎಂದು ಹೇಳಿ, ನೀರಂಚಿನಲ್ಲಿ ಬೆಡೋಕಿನ ಜೆಟ್ಟಿಯ ಕಡೆಗೆ ನಡೆದುಬಿಡುತ್ತಾರೆ. ಮತ್ತೆ ಕಾಣಿಸಿಕೊಳ್ಳುವುದು ಪಾತ್ರೆ ತೊಳೆದಾದ ಮೇಲೆ. ನಮ್ಮ ಕೂಟದಲ್ಲಿ ವಿಹಾರ ಮಾಡುವವರು ಅವರೊಬ್ಬರೇ.

ಅತಿಥಿಗಳು ಬಂದಾಗ ಮಾತ್ರ ಸೆಂಟೋಸಾ ದ್ವೀಪ. ಅದೂ ರೈಲಿಗೆ ಟಿಕೆಟ್ಟು, ಕಾಲ್ನಡಿಗೆಗೆ ಇಲ್ಲವೆಂಬ ಕಾರಣದಿಂದ ನಡೆದು. ಅಲ್ಲಿ ಪಲವಾನ್ ದಂಡೆಯಲ್ಲಿ ತೂಗುಸೇತುವೆ ದಾಟಿದರೆ ಸಿಗುವ ಪುಟ್ಟ ದಿಬ್ಬವೊಂದರ ಮೇಲೆ ‘ಏಷ್ಯಾಖಂಡದ ದಕ್ಷಿಣದ ತುತ್ತತುದಿ’ ಎಂದು ಫಲಕವಿದೆ. ಖಂಡದಿಂದ ಸಿಂಗಪುರಕ್ಕೆ ಒಂದು ಸೇತುವೆ, ಸಿಂಗಪುರದಿಂದ ಸೆಂಟೋಸಾಕ್ಕೆ ಒಂದು, ಅಲ್ಲಿಂದ ದಿಬ್ಬಕ್ಕೆ ಈ ಹಗ್ಗದ್ದು. ಹೀಗೆ ಸೇತುವೆ ಕಟ್ಟುತ್ತ ಹೋದರೆ ತುದಿಯು ಎಲ್ಲಿಗೆ ಬೇಕಾದರೂ ಹೋದೀತು ಎಂದು ನಾನೊಮ್ಮೆ ಅಂದದ್ದಕ್ಕೆ ಅಧ್ಯಕ್ಷರು ಮುನಿಸಿಕೊಂಡರು. ಕನ್ಯಾಕುಮಾರಿಗೆ ಹೋಗದವರಿಗೆ ಇದೇ ಸಾಕು ಎಂಬುದು ಅವರ ಮತ. ಅದರ ಮುಂದೆ ನಿಲ್ಲಿಸಿ ಫೋಟೋ ತೆಗೆಯದೆ ಯಾರನ್ನೂ ಅವರು ಊರಿಗೆ ಕಳುಹಿಸಿದವರಲ್ಲ.

ವಿಹಾರವನ್ನು ಮುಗಿಸುವುದು ಸಾಮಾನ್ಯವಾಗಿ ಸಿಡಿಲು. ವರ್ಷದ ಹೆಚ್ಚುಕಡಮೆ ಅರ್ಧ ದಿನಗಳಲ್ಲಿ ಗುಡುಗುವ ಊರದು. ದಕ್ಷಿಣದಲ್ಲಿ ಮೋಡ ಕಪ್ಪಾಗುತ್ತಿದ್ದಂತೆ ಅಧ್ಯಕ್ಷರು ಎದ್ದುನಿಂತು, ಸಂಜೆಯೆಲ್ಲ ಕಾದಿದ್ದುದೇ ಈ ಘಳಿಗೆಗೋ ಎಂಬ ಉಲ್ಲಾಸದಿಂದ ‘ಪ್ಯಾಕ್! ಪ್ಯಾಕ್!’ ಎಂದು ಅಬ್ಬರಿಸುತ್ತಾರೆ. ಚಾಪೆಯನ್ನು ನಾಲ್ವರು ನಾಲ್ಕು ಮೂಲೆ ಹಿಡಿದು ಮೂರು ಸಲ ಕೊಡವಬೇಕು. ಕೊಡವಿದ ಮರಳು ಗಾಳಿಗೆ ಹಿಂದಿರುಗಿ ಅವರ ಮುಖಕ್ಕೇ ಬೀಳುತ್ತದೆ. ನಾಲ್ಕನೆಯ ಸಲ ಕೊಡವಬೇಕು. ಮಕ್ಕಳ ಪಾದಗಳನ್ನು ಬೆರಳು ಬೆರಳಾಗಿ ಬಿಡಿಸಿ ನೋಡದೆ ಯಾರನ್ನೂ ರೈಲು ಹತ್ತಿಸುವುದಿಲ್ಲ. ಇಷ್ಟಾದರೂ ಬುಧವಾರದವರೆಗೆ ಅವರ ಮನೆಯ ಹಾಸಿಗೆಗಳಲ್ಲಿ ಮರಳು ಸಿಗುತ್ತಲೇ ಇರುತ್ತದೆ.

ರಾತ್ರಿ ಹತ್ತಕ್ಕೆ ಲೆಕ್ಕಪತ್ರ ಬರುತ್ತದೆ, ಸಂಸಾರವೊಂದಕ್ಕೆ ಇಷ್ಟು ಡಾಲರು ಇಷ್ಟು ಸೆಂಟು ಎಂದು. ಅದರ ಕೆಳಗೆ, ಈಚೆಗೆ ಒಂದು ಭಾನುವಾರ, ‘ನಮ್ಮ ಮನೆಯ ಸೌಟು ಒಂದು ಕಾಣೆ. ಅಕಸ್ಮಾತ್ ಯಾರ ಚೀಲಕ್ಕಾದರೂ ಸೇರಿದ್ದರೆ ದಯವಿಟ್ಟು ತಿಳಿಸುವುದು’ ಎಂದಿತ್ತು. ನಾಲ್ಕು ಮನೆಗಳಲ್ಲಿಯೂ ಆ ರಾತ್ರಿ ಚೀಲಗಳು ಬರಿದಾದವು. ಮಲ್ಪೆಯವರು ತಮ್ಮಲ್ಲಿದ್ದ ಮೂರು ಸೌಟುಗಳನ್ನೂ ಸಾಲಾಗಿಟ್ಟು ಫೋಟೋ ತೆಗೆದು ಕಳುಹಿಸಿ, ‘ಇವು ನಮ್ಮವು’ ಎಂದು ಬರೆದರು. ಸೌಟು ಮರುದಿನ ಅಧ್ಯಕ್ಷರ ಇಡ್ಲಿ ಪಾತ್ರೆಯಲ್ಲಿಯೇ, ಮಕ್ಕಳ ಒದ್ದೆ ಚಡ್ಡಿಗಳ ನಡುವೆ, ಸಿಕ್ಕಿತಂತೆ, ಶ್ರೀಮತಿಯವರು ಹೇಳಿದರು. ಅಧ್ಯಕ್ಷರಿಂದ ಈ ವಿಷಯವಾಗಿ ಯಾವ ಪ್ರಕಟಣೆಯೂ ಹೊರಡಲಿಲ್ಲ. ಮುಂದಿನ ಬುಧವಾರದ ಪಟ್ಟಿಯಲ್ಲಿ ಮಾತ್ರ ‘ಸೌಟು: ಪ್ರತಿ ಮನೆಯವರೂ ತಮ್ಮ ತಮ್ಮ ಹೆಸರು ಬರೆದು ತರತಕ್ಕದ್ದು’ ಎಂಬ ಹೊಸ ನಿಬಂಧನೆ ಸೇರಿತ್ತು.